ಪಿಟೀಲು ಚೌಡಯ್ಯ: ಏಳು ತಂತಿಗಳ ಚರಿತ್ರೆ ಮತ್ತು ಮೈಸೂರಿನ ಶ್ರೋತೃವರ್ಗ

ಇಪ್ಪತ್ತನೆಯ ಶತಮಾನದ ಮೊದಲರ್ಧದ ದಕ್ಷಿಣ ಭಾರತೀಯ ಪಿಟೀಲುವಾದನವನ್ನು ಕುರಿತು ಬರೆದವರು ಸಾಮಾನ್ಯವಾಗಿ ಮೂವರ ಹೆಸರನ್ನು ಒಟ್ಟಿಗೆ ಹೇಳುತ್ತಾರೆ. ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯುಡು, ತಮಿಳುನಾಡಿನ ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಹಾಗೂ ಕರ್ನಾಟಕದ ಮೈಸೂರು ಟಿ. ಚೌಡಯ್ಯ ಈ ಮೂವರು. ಮೊದಲಿಬ್ಬರ ಪ್ರಸ್ತಾಪ ಬಂದಾಗ ಅವರ ಕಮಾನಿನ ನಯ, ರಾಗಭಾವ, ಸಂಪ್ರದಾಯನಿಷ್ಠೆಗಳ ಮಾತು ಬರುತ್ತದೆ. ಚೌಡಯ್ಯನವರ ಪ್ರಸ್ತಾಪ ಬಂದ ಕೂಡಲೇ ಏಳು ತಂತಿಗಳ ಮಾತು ಬರುತ್ತದೆ. ಕಲಾವಿದನೊಬ್ಬನ ಜೀವಮಾನದ ಸಾಧನೆಯನ್ನು ಅವನ ವಾದ್ಯದ ತಂತಿಗಳ ಸಂಖ್ಯೆಗೆ ಇಳಿಸಿ ನೋಡುವ ಈ ಕ್ರಮದಲ್ಲಿ ಒಂದು ಅನ್ಯಾಯವಿದೆ. ಆ ಏಳು ತಂತಿಗಳು ಏಕೆ ಬೇಕಾದವು, ಯಾರಿಗಾಗಿ ಬೇಕಾದವು ಎಂಬ ಪ್ರಶ್ನೆಯನ್ನು ಈ ಕ್ರಮ ಮರೆಮಾಡುತ್ತದೆ.

ಏಳು ತಂತಿಗಳ ಪಿಟೀಲನ್ನು ಒಬ್ಬ ವ್ಯಕ್ತಿಯ ಚಮತ್ಕಾರಬುದ್ಧಿಯ ಫಲವೆಂದು ಮಾತ್ರ ತಿಳಿಯದೆ, ಮೈಸೂರು ಸೀಮೆಯ ಸಂಗೀತವು ಅರಮನೆಯ ಅಂಗಳದಿಂದ ಸಾರ್ವಜನಿಕ ಸಭೆಗೆ ಹೊರಳಿದ ಕಾಲಘಟ್ಟದ ಸಾಕ್ಷ್ಯವನ್ನಾಗಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕೊನೆಯ ಸಾಲಿನಲ್ಲಿ ಕುಳಿತ ಕೇಳುಗನಿಗೂ ನಾದ ತಲುಪಬೇಕು ಎಂಬ ಹಂಬಲವೇ ಚೌಡಯ್ಯನವರ ವಾದ್ಯ, ಅವರ ಪಾಠಶಾಲೆ, ಅವರು ನಿರ್ಮಿಸಿದ ಚಲನಚಿತ್ರ ಇವೆಲ್ಲವನ್ನೂ ಹೆಣೆದ ಸೂತ್ರವೆಂಬುದು ಇಲ್ಲಿನ ಪ್ರತಿಪಾದನೆ.

ಪಿಟೀಲು ಕನ್ನಡದ್ದಾದ ಬಗೆ

ವಯೊಲಿನ್ ಐರೋಪ್ಯ ವಾದ್ಯ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಅದು ಇಂದಿನ ಆಕಾರವನ್ನು ಪಡೆಯಿತು. ದಕ್ಷಿಣ ಭಾರತದಲ್ಲಿ ಅದನ್ನು ಶಾಸ್ತ್ರೀಯ ಸಂಗೀತಕ್ಕೆ ಅಳವಡಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಹೆಸರು ಮೊದಲು ಬರುತ್ತದೆ. ಮದರಾಸಿನ ಕೋಟೆಯ ಬ್ಯಾಂಡಿನ ವಾದನವನ್ನು ಕೇಳುವ, ಐರೋಪ್ಯ ವಾದಕರೊಬ್ಬರಿಂದ ಪಾಠ ಪಡೆಯುವ ಅವಕಾಶ ಅವರಿಗೆ ದೊರೆಯಿತು. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ರಚಿಸಿದ 'ನೊಟ್ಟುಸ್ವರ'ಗಳೂ ಈ ಸಂಪರ್ಕದ ಫಲವೇ. ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನದಲ್ಲಿ ಪಿಟೀಲಿಗೆ ಸ್ಥಾನ ದೊರಕಿಸಿಕೊಟ್ಟರು. 1834ರಲ್ಲಿ ಮಹಾರಾಜರು ಅವರಿಗೆ ದಂತದ ಪಿಟೀಲನ್ನು ಕೊಟ್ಟು ಗೌರವಿಸಿದರು. ಅದೇ ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದರು. ಹೀಗೆ ತಂಜಾವೂರು, ತಿರುವಾಂಕೂರು, ಮೈಸೂರುಗಳ ನಡುವೆ ಕಲಾವಿದರ ಓಡಾಟವು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ನಡೆದಿತ್ತು.

ಹೊರಗಿನಿಂದ ಬಂದ ವಾದ್ಯವನ್ನು ಇಲ್ಲಿನವರು ನುಡಿಸುವ ಭಂಗಿಯನ್ನೇ ಬದಲಿಸಿದರು. ನಿಂತು ಗಲ್ಲದ ಕೆಳಗೆ ಹಿಡಿಯುವ ಬದಲು ನೆಲದ ಮೇಲೆ ಕುಳಿತು, ವಾದ್ಯದ ಒಂದು ತುದಿಯನ್ನು ಎದೆಗೆ, ಇನ್ನೊಂದನ್ನು ಬಲಗಾಲಿನ ಹರಡಿಗೆ ಆನಿಸಿದರು. ಇದರಿಂದ ಎಡಗೈಗೆ ವಾದ್ಯವನ್ನು ಹಿಡಿದುಕೊಳ್ಳುವ ಹೊಣೆ ತಪ್ಪಿ, ಬೆರಳುಗಳು ತಂತಿಯ ಮೇಲೆ ಗಮಕಕ್ಕೆ ಬೇಕಾದಂತೆ ಜಾರುವುದು ಸಾಧ್ಯವಾಯಿತು. ಶ್ರುತಿಯ ವ್ಯವಸ್ಥೆಯೂ ಬದಲಾಯಿತು. ನಾಲ್ಕು ತಂತಿಗಳು ಷಡ್ಜ ಪಂಚಮಗಳಿಗೆ ಹೊಂದಿಕೊಂಡವು. ಭಂಗಿ, ಶ್ರುತಿ, ಬೆರಳುಗಾರಿಕೆ ಮೂರೂ ಬದಲಾದ ಮೇಲೆ ಉಳಿದದ್ದು ಮರದ ಆಕಾರವೊಂದೇ.

ಹೆಸರೂ ಹಾಗೆಯೇ ಬದಲಾಯಿತು. ಇಂಗ್ಲಿಷಿನ 'ಫಿಡ್ಲ್' ತೆಲುಗಿನಲ್ಲಿ 'ಫಿಡೇಲು' ಆಯಿತು, ಕನ್ನಡದಲ್ಲಿ 'ಪಿಟೀಲು' ಆಯಿತು. ಜಾನಪದ ದೃಷ್ಟಿಯಿಂದ ಗಮನಿಸಬೇಕಾದ ಇನ್ನೊಂದು ಸಂಗತಿ, ಈ ಪದವು ಕನ್ನಡದ ಆಡುನುಡಿಯಲ್ಲಿ ಪಡೆದ ಅರ್ಥ. ಎದುರಿಗಿದ್ದವನ ತಾಳ್ಮೆಯನ್ನು ಪರೀಕ್ಷಿಸುವಂತೆ ಒಂದೇ ಸಮನೆ ಮಾತನಾಡುವವನನ್ನು 'ಪಿಟೀಲು ಕುಯ್ಯುತ್ತಾನೆ' ಎನ್ನುತ್ತಾರೆ. ವೀಣೆಯನ್ನು ಕುರಿತಾಗಲಿ ಕೊಳಲನ್ನು ಕುರಿತಾಗಲಿ ಇಂಥ ಮಾತಿಲ್ಲ. ಬಡಗಿಯ ಗರಗಸದ ಚಲನೆಯನ್ನು ಕಮಾನಿನ ಚಲನೆಯಲ್ಲಿ ಕಂಡ ಜನ ಮೊದಮೊದಲು ಈ ವಾದ್ಯವನ್ನು ತುಸು ದೂರದಿಂದ, ತುಸು ನಗುತ್ತ ನೋಡಿದರೆಂಬುದಕ್ಕೆ ಈ ನುಡಿಗಟ್ಟು ದಾಖಲೆಯಾಗಿದೆ. ಅದೇ ಜನ ಮುಂದೆ ಒಬ್ಬ ಕಲಾವಿದನನ್ನು ಅತ್ಯಂತ ಗೌರವದಿಂದ 'ಪಿಟೀಲು ಚೌಡಯ್ಯ' ಎಂದೇ ಕರೆದರು. ಹಾಸ್ಯದ ಪದವೊಂದು ಬಿರುದಾಗಿ ಪರಿಣಮಿಸಿದ ಈ ನಡುವಿನ ಅವಧಿಯೇ ಚೌಡಯ್ಯನವರ ಬದುಕಿನ ಅವಧಿ.

ತಿರುಮಕೂಡಲಿನಿಂದ ಮೈಸೂರಿಗೆ

ಚೌಡಯ್ಯನವರು 1895ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಕಾವೇರಿ, ಕಪಿಲೆಗಳು ಸೇರುವ, ಅಗೋಚರವಾದ ಸ್ಫಟಿಕ ಸರೋವರವೂ ಕೂಡುವುದೆಂದು ನಂಬಿಕೆಯಿರುವ ಆ ಕ್ಷೇತ್ರದಲ್ಲಿ ಅಗಸ್ತ್ಯೇಶ್ವರನ ಪುರಾತನ ದೇವಾಲಯವಿದೆ. ತಂದೆಯ ಹೆಸರಿನಲ್ಲಿ ಆ ದೇವರ ಹೆಸರೇ ಇದೆ. ಈ ದೇವಾಲಯದಲ್ಲಿ ಕಮಾನಿನಿಂದ ನುಡಿಸುವ ವಾದ್ಯವೊಂದರ ಪ್ರಾಚೀನ ಶಿಲ್ಪವಿದೆಯೆಂಬ ಮಾತು ಪಿಟೀಲಿನ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಬರುತ್ತದೆ. ವಾದ್ಯವಿಜ್ಞಾನದ ನೆಲೆಯಲ್ಲಿ ಈ ಹೇಳಿಕೆಯ ತೂಕ ಏನೇ ಇರಲಿ, ಚೌಡಯ್ಯನವರ ಹುಟ್ಟೂರಿನಲ್ಲಿಯೇ ಪಿಟೀಲಿನ ಪೂರ್ವಜನನ್ನು ಕಾಣುವ ಹಂಬಲವು ಅರ್ಥಪೂರ್ಣವಾದುದು. ವಾದ್ಯವನ್ನು ತನ್ನದಾಗಿಸಿಕೊಂಡ ಸಮುದಾಯವು ಅದಕ್ಕೊಂದು ಸ್ಥಳಪುರಾಣವನ್ನೂ ಕಟ್ಟಿಕೊಳ್ಳುತ್ತದೆ.

ಒಕ್ಕಲಿಗ ಮನೆತನದ ಹುಡುಗನೊಬ್ಬ ಶಾಸ್ತ್ರೀಯ ಸಂಗೀತದ ವಿದ್ವತ್ತಿಗೆ ಕೈಹಾಕುವುದು ಆ ಕಾಲದ ಮೈಸೂರಿನಲ್ಲಿ ಸಹಜವಾದ ಸಂಗತಿಯಾಗಿರಲಿಲ್ಲ. ಅರಮನೆಯ ವಿದ್ವಾಂಸರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಸಂಗೀತವನ್ನೇ ವೃತ್ತಿಯಾಗಿಸಿಕೊಂಡ ಮನೆತನಗಳಿಂದ ಬಂದವರು. ವೀಣೆಯ ಶೇಷಣ್ಣ, ಸುಬ್ಬಣ್ಣನವರ ಪರಂಪರೆಗಳು ಇದಕ್ಕೆ ನಿದರ್ಶನ. ಅಂಥ ಮನೆತನದ ಬೆಂಬಲವಿಲ್ಲದ ಶಿಷ್ಯನಿಗೆ ದಾರಿಯಿದ್ದದ್ದು ಒಂದೇ: ಜಾತಿ ಮನೆತನಗಳನ್ನು ಎಣಿಸದೆ ವಿದ್ಯೆ ಕೊಡುವ ಗುರುವನ್ನು ಹುಡುಕುವುದು. ಆ ಗುರು ಬಿಡಾರಂ ಕೃಷ್ಣಪ್ಪನವರ ರೂಪದಲ್ಲಿ ದೊರೆತರು.

ಕೃಷ್ಣಪ್ಪನವರು (1866–1931) ಸ್ವತಃ ಮೈಸೂರಿಗೆ ಹೊರಗಿನಿಂದ ಬಂದವರು. ಕರಾವಳಿಯ ನಂದಳಿಕೆ ಅವರ ಮೂಲ; ಮನೆಮಾತು ಕೊಂಕಣಿ. ಮೈಸೂರಿನಲ್ಲಿ ನೆಲೆ ನಿಂತು, ಅರಮನೆಯ ವಿದ್ವಾಂಸರಾಗಿ 'ಗಾನವಿಶಾರದ'ರೆನಿಸಿದರು. ಕನ್ನಡ ಸಂಗೀತಕ್ಕೆ ಅವರು ಸಲ್ಲಿಸಿದ ಒಂದು ದೊಡ್ಡ ಸೇವೆ, ಹರಿದಾಸರ ದೇವರನಾಮಗಳನ್ನು ವಿದ್ವತ್ಕಚೇರಿಯ ವೇದಿಕೆಗೆ ಗೌರವದಿಂದ ತಂದದ್ದು. ಭಜನೆಯ ಮನೆಯಲ್ಲಿ, ಬೀದಿಯ ಗಾಯಕರ ಕಂಠದಲ್ಲಿ ಉಳಿದಿದ್ದ ಹಾಡುಗಳಿಗೆ ತೆಲುಗು ಕೃತಿಗಳ ಪಕ್ಕದಲ್ಲಿ ಆಸನ ದೊರಕಿತು. ತಮ್ಮ ಸಂಪಾದನೆಯನ್ನು ತೊಡಗಿಸಿ ಅವರು ಮೈಸೂರಿನ ಶಿವರಾಂಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅರಮನೆಗೆ ಪ್ರವೇಶವಿಲ್ಲದವನೂ ಒಳಗೆ ಬಂದು ಕುಳಿತು ವಿದ್ವಾಂಸರನ್ನು ಕೇಳಬಹುದಾದ ಜಾಗ ಅದಾಯಿತು. ಶಿಷ್ಯನ ಮುಂದಿನ ಬದುಕಿನ ದಿಕ್ಕನ್ನು ಅರಿಯಲು ಗುರುವಿನ ಈ ಎರಡು ಕೆಲಸಗಳನ್ನು ನೆನಪಿನಲ್ಲಿಡುವುದು ಅವಶ್ಯ. ದೇವರನಾಮ ಮತ್ತು ರಾಮಮಂದಿರ ಎರಡೂ ಸಂಗೀತದ ಕೇಳುಗರ ವಲಯವನ್ನು ವಿಸ್ತರಿಸಿದವು.

ಚೌಡಯ್ಯನವರು 1910ರಲ್ಲಿ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಕಠಿಣ ಶಿಕ್ಷಣ ನಡೆಯಿತು. ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರು. ಆದುದರಿಂದ ಚೌಡಯ್ಯನವರ ಪಿಟೀಲು ಹಾಡುಗಾರಿಕೆಯ ನೆರಳಿನಲ್ಲಿ ಬೆಳೆಯಿತು. ಸಾಹಿತ್ಯದ ಪದಚ್ಛೇದ, ಉಸಿರಿನ ನಿಲುಗಡೆ, ನಿರವಲಿನ ಬೆಳವಣಿಗೆ ಇವೆಲ್ಲ ಕಂಠದಿಂದ ಕಮಾನಿಗೆ ಇಳಿದವು. ಗುರುವಿನ ಕಚೇರಿಗಳಲ್ಲಿ ಪಕ್ಕವಾದ್ಯಕ್ಕೆ ಕುಳಿತ ಯುವಕ ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಪ್ರಮುಖ ಗಾಯಕರೆಲ್ಲರೂ ಬಯಸುವ ಪಕ್ಕವಾದ್ಯಗಾರರಾದರು.

ಏಳು ತಂತಿಗಳು: ಕಾರಣ ಮತ್ತು ಐತಿಹ್ಯ

1920ರ ದಶಕವು ದಕ್ಷಿಣದ ಸಂಗೀತದಲ್ಲಿ ಸಭೆಗಳ ದಶಕ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದೊಂದಿಗೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಸ್ಥಾಪನೆಯಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡುಗಳೆರಡೂ ಇದ್ದವು. ಹಲವು ವಾದ್ಯಗಳು ಒಟ್ಟಿಗೆ ನುಡಿದಾಗ ಉಂಟಾಗುವ ತುಂಬುನಾದದ ಪರಿಚಯ ಊರಿಗೆ ಇತ್ತು. ರಾಮನವಮಿಯ ಚಪ್ಪರಗಳಲ್ಲಿ, ನಾಟಕದ ಕೊಟ್ಟಿಗೆಗಳಲ್ಲಿ, ಪುರಭವನಗಳಲ್ಲಿ ಜನ ಸೇರುತ್ತಿದ್ದರು. ಆದರೆ ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ಅಭ್ಯಾಸಬಲದಿಂದ ಗಾಯಕನ ಕಂಠ ಹೇಗೋ ಹಿಂದಿನವರೆಗೆ ಹೋಗುತ್ತಿತ್ತು, ಮೃದಂಗದ ಪೆಟ್ಟು ಕೇಳುತ್ತಿತ್ತು. ನಡುವೆ ಸಿಕ್ಕಿಕೊಂಡದ್ದು ಪಿಟೀಲು. ಗಾಯಕನ ಸಂಚಾರವನ್ನು ಅನುಸರಿಸಿ, ಅವನು ನಿಂತಾಗ ಅದೇ ರಾಗವನ್ನು ತಾನೂ ಬೆಳೆಸಬೇಕಾದ ವಾದ್ಯದ ಮಾತು ಮುಂದಿನ ಕೆಲವು ಸಾಲುಗಳಿಗೆ ಮುಗಿದುಹೋಗುತ್ತಿತ್ತು. ಹಿಂದೆ ಕುಳಿತವರಿಗೆ ಕಮಾನಿನ ಚಲನೆ ಕಾಣುತ್ತಿತ್ತು, ನಾದ ಕೇಳುತ್ತಿರಲಿಲ್ಲ.

ಚೌಡಯ್ಯನವರ ಪ್ರಯೋಗ ಈ ಕೊರತೆಗೆ ಕೊಟ್ಟ ಉತ್ತರ. ಅದರ ಕಾಲ ಸಾಮಾನ್ಯವಾಗಿ 1927ರ ಸುಮಾರು ಎಂದು ಹೇಳಲಾಗುತ್ತದೆ. ನಾಲ್ಕು ತಂತಿಗಳ ಜೊತೆಗೆ ಅವರು ಇನ್ನೂ ಮೂರನ್ನು ಸೇರಿಸಿದರು. ಮೂರು ತಂತಿಗಳು ಜೋಡಿತಂತಿಗಳಾದವು, ಒಂದು ಒಂಟಿಯಾಗಿ ಉಳಿಯಿತು. ಹೇಳುವಾಗ ಸರಳವೆನಿಸುವ ಈ ಬದಲಾವಣೆಯ ಪರಿಣಾಮಗಳು ಸರಳವಾಗಿರಲಿಲ್ಲ. ಕಮಾನಿನ ಒಂದು ಎಳೆತಕ್ಕೆ ಎರಡು ತಂತಿಗಳು ಒಟ್ಟಿಗೆ ನುಡಿಯಬೇಕು. ಹಾಗಾಗಿ ಕೈಯ ಒತ್ತಡ ಹೆಚ್ಚಬೇಕು, ಆದರೆ ನಾದ ಒರಟಾಗಬಾರದು. ಬೆರಳ ತುದಿ ಎರಡು ತಂತಿಗಳನ್ನು ಒಂದೇ ಸ್ಥಾನದಲ್ಲಿ ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎರಡು ಸ್ವರಗಳು ಒಂದನ್ನೊಂದು ಕೆಡಿಸುತ್ತವೆ. ಜಾರುಗಮಕದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಬಿರಡೆಗಳ ಸಂಖ್ಯೆ ಹೆಚ್ಚಿದಂತೆ ಶ್ರುತಿ ಮಾಡುವ ಶ್ರಮವೂ ಹೆಚ್ಚುತ್ತದೆ. ಏಳು ತಂತಿಗಳ ಒಟ್ಟು ಎಳೆತವನ್ನು ಕುದುರೆಯೂ ಅದರ ಕೆಳಗಿನ ಹಲಗೆಯೂ ತಾಳಿಕೊಳ್ಳಬೇಕು. ಇಷ್ಟನ್ನೂ ಸಾಧಿಸಿದರೆ ದೊರೆಯುವುದು, ಇಬ್ಬರು ವಾದಕರು ಏಕಕಂಠದಲ್ಲಿ ನುಡಿಸಿದಂಥ ದಟ್ಟವಾದ, ದೂರಗಾಮಿಯಾದ ನಾದ.

ಈ ಆವಿಷ್ಕಾರವನ್ನು ಕುರಿತು ಸಂಗೀತಲೋಕದಲ್ಲಿ ಪ್ರಚಲಿತವಾಗಿರುವ ಕಥನಗಳು ಎರಡು ಬಗೆಯವು. ಒಂದರಲ್ಲಿ, ಹಿಂದಿನ ಸಾಲಿನ ಕೇಳುಗರಿಗೆ ಪಿಟೀಲು ಕೇಳಿಸುತ್ತಿಲ್ಲವೆಂಬ ಅರಿವೇ ಪ್ರಯೋಗದ ಪ್ರೇರಣೆ. ಇನ್ನೊಂದರಲ್ಲಿ, ಶಿಷ್ಯನು ಹೊಸ ವಾದ್ಯವನ್ನು ಗುರುವಿಗೆ ತಿಳಿಸದೆಯೇ ಕಚೇರಿಯಲ್ಲಿ ಬಳಸುತ್ತಾನೆ. ನಾದದಲ್ಲಿನ ವ್ಯತ್ಯಾಸ ಗುರುವಿನ ಕಿವಿಗೆ ಹೊಳೆಯುತ್ತದೆ. ಮೊದಲು ಆಶ್ಚರ್ಯ, ಕೊನೆಗೆ ಆಶೀರ್ವಾದ. ಎರಡನೆಯ ಕಥೆಯನ್ನು ಜಾನಪದ ವಿದ್ವಾಂಸರು ಸುಲಭವಾಗಿ ಗುರುತಿಸಬಲ್ಲರು. ಗುಟ್ಟಾಗಿ ಮಾಡಿದ ಸಾಧನೆ, ಗುರುವಿನ ಮುಂದೆ ಅದು ಬಯಲಾಗುವುದು, ಪರೀಕ್ಷೆಯ ನಂತರದ ಅನುಗ್ರಹ ಇವು ವಿದ್ಯೆಗೆ ಸಂಬಂಧಿಸಿದ ನಮ್ಮ ಐತಿಹ್ಯಗಳಲ್ಲಿ ಮತ್ತೆ ಮತ್ತೆ ಬರುವ ಆಶಯಗಳು. ಏಕಲವ್ಯನ ಕಥೆಯ ನೆರಳೂ ಇಲ್ಲಿದೆ. ಆದರೆ ಇಲ್ಲಿ ಹೆಬ್ಬೆರಳು ಉಳಿಯುತ್ತದೆ, ಗುರು ಹರಸುತ್ತಾನೆ.

ಇಂಥ ಕಥೆಯನ್ನು 'ನಿಜವೇ, ಸುಳ್ಳೇ' ಎಂದು ವಿಚಾರಿಸುವುದಕ್ಕಿಂತ, ಅದು ಸಮುದಾಯದಲ್ಲಿ ಯಾವ ಕೆಲಸವನ್ನು ಮಾಡಿತು ಎಂದು ವಿಚಾರಿಸುವುದು ಹೆಚ್ಚು ಫಲಕಾರಿ. ಸಂಪ್ರದಾಯವನ್ನೇ ಪ್ರಮಾಣವೆಂದು ನಂಬಿದ ಕಲಾಲೋಕದಲ್ಲಿ ಹೊಸತನ್ನು ಮಾಡಿದವನಿಗೆ ಸಮರ್ಥನೆ ಬೇಕು. ಮನೆತನದ ಬಲವಿಲ್ಲದ ವಾದಕನಿಗೆ ಅದು ಇನ್ನೂ ಹೆಚ್ಚು ಬೇಕು. ಗುರುವಿನ ಅನುಗ್ರಹದ ಕಥೆ ಆ ಸಮರ್ಥನೆಯನ್ನು ಒದಗಿಸುತ್ತದೆ. ಕೃಷ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ. ಅಂದರೆ ಪ್ರಯೋಗದ ಮೊದಲ ವರ್ಷಗಳಲ್ಲಿ ಅವರು ಇದ್ದರು. ಶಿಷ್ಯನು ಏಳು ತಂತಿಗಳನ್ನು ಕೊನೆಯವರೆಗೂ ಉಳಿಸಿಕೊಂಡನು. ಕಾಲಾನುಕ್ರಮವು ಕಥೆಯ ತಿರುಳಿಗೆ ವಿರುದ್ಧವಾಗಿಲ್ಲ.

ಆಕ್ಷೇಪಣೆಗಳೂ ಇಲ್ಲದಿರಲಿಲ್ಲ. ಪಕ್ಕವಾದ್ಯದ ನಾದ ಗಾಯಕನನ್ನು ಮುಚ್ಚಬಾರದು ಎಂಬುದು ಮೊದಲನೆಯದು. ಜೋಡಿತಂತಿಯ ನಾದದಲ್ಲಿ ಒಂಟಿತಂತಿಯ ನಯ ಉಳಿಯುವುದಿಲ್ಲ ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿತ್ತು. ಅವಕ್ಕೆ ಚೌಡಯ್ಯನವರು ಕೊಟ್ಟ ಉತ್ತರ ವೇದಿಕೆಯ ಮೇಲಿನದು. ಚೆಂಬೈ ವೈದ್ಯನಾಥ ಭಾಗವತರ (1896–1974) ಗಾಯನಕ್ಕೆ ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಕೂಡಿದ ಕಚೇರಿಗಳು ದಕ್ಷಿಣ ಭಾರತದಾದ್ಯಂತ ಹೆಸರಾದವು. ಚೆಂಬೈ ಅವರದು ತೆರೆದ, ಘನವಾದ ಕಂಠ. ಅಂಥ ಕಂಠವನ್ನು ಮುಚ್ಚುವ ಭಯ ಏಳು ತಂತಿಗಳಿಗಿರಲಿಲ್ಲ. ಅದಕ್ಕೆ ಸಮನಾಗಿ ನಿಲ್ಲುವ ಶಕ್ತಿಯಿತ್ತು. ಕೇರಳದ ಗಾಯಕ, ಮೈಸೂರಿನ ಪಿಟೀಲುಗಾರ, ಪಾಲಕ್ಕಾಡಿನ ಮೃದಂಗಗಾರ ಈ ಮೂವರೂ ಕಾವೇರೀ ಬಯಲಿನ ತಂಜಾವೂರಿನ ಕೇಂದ್ರಕ್ಕೆ ಹೊರಗಿನವರೆಂಬುದನ್ನೂ ಗಮನಿಸಬೇಕು. ಅಂಚಿನಿಂದ ಬಂದವರು ಕೂಡಿ ಕಚೇರಿಯ ನಾದಕ್ಕೆ ಹೊಸದೊಂದು ಅಳತೆಯನ್ನು ಕೊಟ್ಟರು.

ಕಚೇರಿಯಿಂದ ಚಿತ್ರಪರದೆಗೆ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ವಯೊಲಿನ್ ವಾದಕನು ವಾದ್ಯವೃಂದದ ಆಸನದಿಂದ ಎದ್ದು ಗೀತನಾಟಕದ ರಚನೆಗೆ ಹೋದ ನಿದರ್ಶನಗಳಿವೆ. ಡಬ್ಲಿನ್‌ನಲ್ಲಿ ಹುಟ್ಟಿದ ಐರಿಷ್ ಸಂಗೀತಗಾರ ಮೈಕೇಲ್ ಬಾಲ್ಫ್ (1808–1870) ಬಾಲ್ಯದಲ್ಲಿಯೇ ಪಿಟೀಲುವಾದಕನೆಂದು ಹೆಸರಾದವನು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ವಾದ್ಯವೃಂದದಲ್ಲಿ ನುಡಿಸಿದನು. 1843ರಲ್ಲಿ ಅದೇ ರಂಗಮಂದಿರದಲ್ಲಿ ಅವನ 'ದಿ ಬೊಹಿಮಿಯನ್ ಗರ್ಲ್' ಎಂಬ ಆಪೆರಾ ಪ್ರದರ್ಶಿತವಾಯಿತು. ಅವನ ದೇಶಬಾಂಧವನಾದ ವಿನ್ಸೆಂಟ್ ವಾಲೇಸ್ (1812–1865) ಸಹ ಪಿಟೀಲಿನಿಂದ ಆಪೆರಾಕ್ಕೆ ನಡೆದವನೇ. ಪಕ್ಕದಲ್ಲಿ ಕುಳಿತು ನುಡಿಸುವವನು ಇಡೀ ರಂಗದ ನಾದವನ್ನು ತಾನೇ ಕಟ್ಟಬೇಕೆಂದು ಬಯಸುವುದು ಒಂದು ದೇಶಕ್ಕೆ ಸೀಮಿತವಾದ ಪ್ರವೃತ್ತಿಯಲ್ಲ.

ಮೈಸೂರಿನಲ್ಲಿ ಆಪೆರಾದ ಸ್ಥಾನವನ್ನು ತುಂಬಿದ್ದು ಕಂಪನಿ ನಾಟಕ. ಅರಮನೆಯ ಆಶ್ರಯದಲ್ಲಿ ಬೆಳೆದ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯ ಕಾಲದಿಂದಲೂ, ಬಸವಪ್ಪ ಶಾಸ್ತ್ರಿಗಳು (1843–1891) ಕನ್ನಡಿಸಿದ 'ಶಾಕುಂತಲ'ದ ಕಾಲದಿಂದಲೂ, ನಾಟಕವೆಂದರೆ ಹಾಡು ಎಂಬುದು ಪ್ರೇಕ್ಷಕರ ಎಣಿಕೆಯಾಗಿತ್ತು. 1934ರಲ್ಲಿ 'ಸತಿ ಸುಲೋಚನಾ' ತೆರೆಕಂಡು ಕನ್ನಡ ವಾಕ್ಚಿತ್ರ ಆರಂಭವಾದಾಗ ಅದು ಈ ಪರಂಪರೆಯ ನಟರನ್ನೂ ಹಾಡುಗಳನ್ನೂ ಪಡೆದುಕೊಂಡಿತು. ಈ ಹಿನ್ನೆಲೆಯಲ್ಲಿಯೇ ಚೌಡಯ್ಯನವರು 1943ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು. ನಿರ್ದೇಶನ ನಾಟಕರಂಗದ ಕೆ. ಹಿರಣ್ಣಯ್ಯನವರದು. ಮುಂದೆ ಕನ್ನಡ, ತಮಿಳು ಚಿತ್ರರಂಗಗಳೆರಡರಲ್ಲಿಯೂ ಹೆಸರಾದ ಪಂಡರಿಬಾಯಿ ಮೊದಲು ಕಾಣಿಸಿಕೊಂಡದ್ದು ಈ ಚಿತ್ರದಲ್ಲಿ. ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಮೂವರ ಕಚೇರಿಯ ದೃಶ್ಯವನ್ನು ಇದರಲ್ಲಿ ಅಳವಡಿಸಲಾಗಿತ್ತು.

'ವಾಣಿ'ಯನ್ನು ಸಂಗೀತ ವಿದ್ವಾಂಸರೊಬ್ಬರ ವಿಲಕ್ಷಣ ಸಾಹಸವೆಂದು ಬದಿಗೆ ಸರಿಸುವುದು ಸುಲಭ. ಆದರೆ ಏಳು ತಂತಿಗಳ ಹಿಂದಿನ ಯೋಚನೆಯನ್ನು ನೆನೆದರೆ ಇದು ಅದರ ಮುಂದುವರಿಕೆಯಾಗಿ ಕಾಣುತ್ತದೆ. ಕಚೇರಿಯ ಹಿಂದಿನ ಸಾಲು ಸಭಾಂಗಣದ ಗೋಡೆಗೆ ಕೊನೆಗೊಳ್ಳುತ್ತದೆ. ಚಲನಚಿತ್ರದಲ್ಲಿ ಹಿಂದಿನ ಸಾಲು ಸಭಾಂಗಣವನ್ನೇ ನೋಡದ ಊರುಗಳವರೆಗೆ ಹೋಗುತ್ತದೆ. ಮದರಾಸಿನ ಸಭೆಗೆ ಹೋಗಲಾಗದವನು, ದಸರೆಯ ದರ್ಬಾರಿಗೆ ಪ್ರವೇಶವಿಲ್ಲದವನು ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ಮೂವರು ಮಹಾವಿದ್ವಾಂಸರನ್ನು ಕಾಣುವ, ಕೇಳುವ ಸಾಧ್ಯತೆಯನ್ನು ಈ ದೃಶ್ಯ ತೆರೆಯಿತು. ತಿರುಮಕೂಡಲಿನಿಂದ ಬಂದ ಕಲಾವಿದನಿಗೆ ಈ ಕೇಳುಗ ಅಪರಿಚಿತನಾಗಿರಲಿಲ್ಲ.

ವಾಗ್ಗೇಯಕಾರ, ಗುರು

ಚೌಡಯ್ಯನವರು ಕೃತಿಗಳನ್ನೂ ರಚಿಸಿದರು. ಅವರ ಅಂಕಿತ 'ತ್ರಿಮಕುಟ'. ಇದು ಹುಟ್ಟೂರಿನ ಹೆಸರಿನ ರೂಪವೇ. ನಮ್ಮ ವಾಗ್ಗೇಯಕಾರರ ಅಂಕಿತಗಳಲ್ಲಿ ಇಷ್ಟದೇವತೆಯ ಹೆಸರು, ಸ್ವಂತ ಹೆಸರು, ಊರಿನ ದೇವರ ಹೆಸರು ಸಾಮಾನ್ಯ. ಮೈಸೂರು ವಾಸುದೇವಾಚಾರ್ಯರು (1865–1961) 'ವಾಸುದೇವ' ಎಂದರು. ಜಯಚಾಮರಾಜೇಂದ್ರ ಒಡೆಯರು ತಮ್ಮ 94 ಕೃತಿಗಳಲ್ಲಿ 'ಶ್ರೀವಿದ್ಯಾ' ಎಂದರು. ಚೌಡಯ್ಯನವರು ನದಿಗಳು ಕೂಡುವ ಸ್ಥಳವನ್ನೇ ಆರಿಸಿಕೊಂಡರು. 'ಮೈಸೂರು' ಎಂಬುದು ಅವರ ಹೆಸರಿನ ಮುಂದೆ ಬಿರುದಿನಂತೆ ಸೇರಿಕೊಂಡಿತು, ಹೆಸರಿನೊಳಗಿನ 'ಟಿ.' ಅಕ್ಷರವೂ ಕೃತಿಗಳೊಳಗಿನ ಅಂಕಿತವೂ ತಿರುಮಕೂಡಲನ್ನು ಬಿಟ್ಟುಕೊಡಲಿಲ್ಲ.

ಮೈಸೂರಿನಲ್ಲಿ ಅವರು ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ತಾವು ಗುರುವಿನ ಮನೆಯಲ್ಲಿ ಪಡೆದ ವಿದ್ಯೆಯನ್ನು ಶಾಲೆಯ ಕಟ್ಟಡದಲ್ಲಿ ಕೊಡುವ ಈ ನಿರ್ಧಾರವೂ ಕಾಲದ ಹೊರಳುವಿಕೆಯನ್ನು ಸೂಚಿಸುತ್ತದೆ. ಗುರುಕುಲದಲ್ಲಿ ಪ್ರವೇಶ ಗುರುವಿನ ಮನಸ್ಸಿನ ಮೇಲೆ ನಿಂತಿರುತ್ತದೆ. ಶಾಲೆಯ ಬಾಗಿಲು, ಸಿದ್ಧಾಂತದಲ್ಲಾದರೂ, ಎಲ್ಲರಿಗೂ ತೆರೆದಿರುತ್ತದೆ. ಅವರ ಶಿಷ್ಯರಲ್ಲಿ ಪಿಟೀಲು ವಿದ್ವಾಂಸ ಕಂಡದೇವಿ ಅಳಗಿರಿಸ್ವಾಮಿಯವರು ತಮಿಳುನಾಡಿನಲ್ಲಿ ದೊಡ್ಡ ಹೆಸರು ಪಡೆದರು. ಕೃಷ್ಣಪ್ಪನವರ ಪರಂಪರೆಗೆ ಸೇರಿದ ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಗಳ ವಾದ್ಯವನ್ನು ರೂಢಿಸಿಕೊಂಡು, ಬೆಂಗಳೂರಿನಲ್ಲಿ ಅನೇಕ ಪಿಟೀಲುವಾದಕರನ್ನು ತಯಾರಿಸಿದರು.

ಮನ್ನಣೆಗಳು ಬಂದವು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಅವರನ್ನು ನಾಡು 'ಸಂಗೀತರತ್ನ' ಎಂಬ ಬಿರುದಿನೊಂದಿಗೆ ಗುರುತಿಸಿತು. 1957ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಅದೇ ವರ್ಷ ಮದರಾಸಿನ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಸಂದವು. ದ್ವಾರಂ ಅವರಿಗೆ ಈ ಬಿರುದು 1941ರಲ್ಲಿ, ರಾಜಮಾಣಿಕ್ಯಂ ಪಿಳ್ಳೈ ಅವರಿಗೆ 1948ರಲ್ಲಿ ದೊರೆತಿತ್ತೆಂಬುದನ್ನು ಹೋಲಿಸಿ ನೋಡಿದರೆ, ಮೂವರಲ್ಲಿ ಚೌಡಯ್ಯನವರು ಎಲ್ಲರಿಗಿಂತ ಹೆಚ್ಚು ಕಾಯಬೇಕಾಯಿತೆಂಬುದು ಸ್ಪಷ್ಟ. 1967ರ ಜನವರಿ 19ರಂದು ಅವರು ನಿಧನರಾದರು.

ವಾದ್ಯದ ಮುಂದಿನ ಕಥೆ

ಏಳು ತಂತಿಗಳ ಪಿಟೀಲು ಒಂದು ಶಾಖೆಯಾಗಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಸಹಜ. ಅದರ ಉತ್ತರ ಅದರ ಹುಟ್ಟಿನಲ್ಲಿಯೇ ಇದೆ. ಯಾವ ಕೊರತೆಯನ್ನು ನೀಗಲು ಅದು ಹುಟ್ಟಿತೋ ಆ ಕೊರತೆಯನ್ನು ಬೇರೊಂದು ಸಾಧನ ನೀಗಿಸಿತು. 1935ರಲ್ಲಿ ಮೈಸೂರಿನಲ್ಲಿಯೇ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು; ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ರಾಷ್ಟ್ರದ ಬಾನುಲಿಗೆ ನಿಂತಿತು. ಬಾನುಲಿಯ ಮೈಕಿನ ಮುಂದೆ ನಾಲ್ಕು ತಂತಿಗಳೂ ಏಳು ತಂತಿಗಳೂ ಒಂದೇ ದೂರ ಸಾಗುತ್ತವೆ. ಕಚೇರಿಯ ವೇದಿಕೆಗಳಿಗೂ ಧ್ವನಿವರ್ಧಕ ಬಂದ ಮೇಲೆ ಮೆಲುನಾದವೂ ಕೊನೆಯ ಸಾಲಿಗೆ ಮುಟ್ಟಿತು. ಜೋಡಿತಂತಿಯ ಶ್ರಮವನ್ನು ಕೈಗೊಳ್ಳಲು ಮುಂದಿನ ತಲೆಮಾರಿಗೆ ಕಾರಣ ಉಳಿಯಲಿಲ್ಲ. 1980ರ ಹೊತ್ತಿಗೆ ಎಲ್. ಶಂಕರ್ ಹತ್ತು ತಂತಿಗಳ ಜೋಡಿ ಪಿಟೀಲನ್ನು ರೂಪಿಸಿದಾಗ ಅದರ ಉದ್ದೇಶ ಸ್ಥಾಯಿಗಳ ವ್ಯಾಪ್ತಿಯನ್ನು ಹಿಗ್ಗಿಸುವುದಾಗಿತ್ತು. ಆ ವಾದ್ಯವೇ ವಿದ್ಯುತ್ತಿನ ನೆರವಿನದು. ತಂತಿಗಳು ಹೆಚ್ಚಿದ್ದರೂ ಪ್ರಶ್ನೆ ಬೇರೆಯಾಗಿತ್ತು.

ಜನಪದ ಪರಿಕರಗಳ ಅಧ್ಯಯನದಲ್ಲಿ ಇಂಥ ನಿದರ್ಶನಗಳು ವಿರಳವಲ್ಲ. ಏತ ನಿಂತುಹೋದದ್ದು ಏತದ ದೋಷದಿಂದಲ್ಲ. ನೀರೆತ್ತುವ ಬೇರೆ ಯಂತ್ರ ಬಂದದ್ದರಿಂದ. ಬಳಕೆ ತಪ್ಪಿದ ಉಪಕರಣವನ್ನು ಸೋತ ಉಪಕರಣವೆಂದು ಬರೆಯುವುದು ಚರಿತ್ರೆಗೆ ಮಾಡುವ ಅಪಚಾರ. ಏಳು ತಂತಿಗಳ ಪಿಟೀಲು ತನ್ನ ಕಾಲದ ಪ್ರಶ್ನೆಗೆ ಸಂಪೂರ್ಣವಾಗಿ ಉತ್ತರ ಕೊಟ್ಟಿತು. ಆ ಉತ್ತರದ ಫಲವಾಗಿ ಪಕ್ಕವಾದ್ಯವೂ ಕೇಳಬೇಕಾದ ವಾದ್ಯವೆಂಬ ತಿಳಿವಳಿಕೆ ಸಭೆಯಲ್ಲಿ ಬೇರೂರಿತು. ಧ್ವನಿವರ್ಧಕ ಬಂದಾಗ ಪಿಟೀಲಿನ ಮುಂದೆಯೂ ಒಂದು ಮೈಕನ್ನು ಇಡಬೇಕೆಂದು ಯಾರಿಗೂ ವಾದಿಸಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ 1980ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿದೆ. ತಂತಿ, ಬಿರಡೆ, ಕುದುರೆ, ಕಮಾನುಗಳೆಲ್ಲ ಕಟ್ಟಡದ ಅಂಗಗಳಾಗಿವೆ. ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ರಾಷ್ಟ್ರಮಟ್ಟದ ಸಂಗೀತ ಪ್ರಶಸ್ತಿಯನ್ನು ಸ್ಥಾಪಿಸಿದೆ. ವಾದ್ಯದ ಆಕಾರದ ಕಟ್ಟಡವನ್ನು ಹೊರಗಿನಿಂದ ನೋಡಿ ಮೆಚ್ಚುವವರು ಬಹಳ. ಆದರೆ ಅದರ ಹೆಚ್ಚು ಸಾರ್ಥಕವಾದ ಭಾಗ ಒಳಗಿದೆ: ಸಾವಿರಕ್ಕೂ ಮಿಕ್ಕಿ ಆಸನಗಳಿರುವ ಆ ಸಭಾಂಗಣದ ಹಿಂದಿನ ಸಾಲು. ಮೈಸೂರಿನ ಆ ವಾದಕನು ತನ್ನ ವಾದ್ಯಕ್ಕೆ ಮೂರು ತಂತಿಗಳನ್ನು ಕಟ್ಟಿದ್ದು ಅಂಥದೊಂದು ಸಾಲಿನಲ್ಲಿ ಕುಳಿತವರಿಗಾಗಿ.